ಹಸಿರು ಚೀಟಿ ಅಂಟಿಸಿದ ಕುರ್ತಾ ತಗೋಬಹುದಾ?

ಟೀಚರಮ್ಮ, ಚಿಕ್ಕಬಳ್ಳಾಪುರ:

ಹೋದ ಶನಿವಾರ ಶಾಲೆಗೆ ಹಾಕ್ಕೊಳ್ಳೋಕೆ ಕುರ್ತಾ ನೋಡೋಣ ಅಂತ ಬಿ.ಬಿ. ರಸ್ತೆಯ ಅಂಗಡಿಯೊಂದಕ್ಕೆ ಹೋಗಿದ್ದೆ. ಒಂದರ ಕೊರಳಲ್ಲಿ ಎಲೆ ಚಿತ್ರದ ಹಸಿರು ಚೀಟಿ: ‘ಬಿದಿರಿನ ಬಟ್ಟೆ, ಪರಿಸರಸ್ನೇಹಿ’. ಬೆಲೆ 1,499. ಪಕ್ಕದಲ್ಲೇ ಸಾದಾ ಕಾಟನ್, 650. ಬಿದಿರಲ್ಲಿ ಇಷ್ಟು ಮೆತ್ತಗಿನ ಬಟ್ಟೆ ಹೇಗಪ್ಪಾ ಮಾಡ್ತಾರೆ ಅಂತ ಕೇಳಿದ್ರೆ ಅಂಗಡಿ ಹುಡುಗ, ‘ಬೆವರಿನ ವಾಸನೆ ಬರಲ್ಲ ಮೇಡಂ’ ಅಂದ. ನಾನು ಕೇಳಿದ್ದು ಅದಲ್ಲ.

ಎರಡನ್ನೂ ಹಿಡ್ಕೊಂಡು ಹತ್ತು ನಿಮಿಷ ನಿಂತು, ಎರಡನ್ನೂ ಬಿಟ್ಟು ಬಂದೆ. ‘ಮನೆ ಕಟ್ಟೋಕೆ ಸೈಟ್ ನೋಡುವಾಗಲೂ ಇಷ್ಟು ಹೊತ್ತು ನಿಂತಿರಲಿಲ್ಲ ನೀನು’ ಅಂತ ಯಜಮಾನರು ನಕ್ಕರು.

ತಪ್ಪು ನನ್ನದೇ. ಐದನೇ ತರಗತಿಯಲ್ಲಿ ನೀರಿನ ಪಾಠ ಮಾಡುವಾಗ, ಒಂದು ಹತ್ತಿ ಟೀ ಶರ್ಟ್ ತಯಾರಾಗೋಕೆ ಸುಮಾರು 2,700 ಲೀಟರ್ ನೀರು ಬೇಕು ಅನ್ನೋ ಲೆಕ್ಕ ಹೇಳಿದ್ದೆ. ಹಿಂದಿನ ಬೆಂಚಿನ ಹುಡುಗಿ, ‘ನಮ್ಮನೆ ಸಿಂಟೆಕ್ಸ್ ಮೂರು ಸಲ ತುಂಬಿಸ್ಬೇಕಲ್ಲಾ ಟೀಚರ್’ ಅಂದಳು. ಅವರ ಬೀದಿಗೆ ನೀರು ಬರೋದು ವಾರಕ್ಕೊಂದು ಸಲ. ಅವತ್ತಿಂದ ಬಟ್ಟೆ ಮುಟ್ಟಿದ್ರೆ ಸಿಂಟೆಕ್ಸೇ ಕಣ್ಮುಂದೆ. ಪಾಲಿಯೆಸ್ಟರ್‌ಗೆ ಅಷ್ಟು ನೀರು ಬೇಡ, ಸರಿ. ಆದ್ರೆ ಅದು ಪೆಟ್ರೋಲಿಯಂನಿಂದ ಬಂದಿದ್ದು, ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆ ಚರಂಡಿ ಸೇರುತ್ತೆ. ಹಾಗಾದ್ರೆ ಏನು ತಗೋಬೇಕು? ನೀವು ಅಂಗಡಿಯಲ್ಲಿ ನಿಂತಾಗ ನಿಜವಾಗಿ ಏನು ನೋಡ್ತೀರಿ? ಬಣ್ಣ, ಬೆಲೆ ಅಂದ್ರೂ ಬೇಜಾರಿಲ್ಲ, ಸುಳ್ಳು ಮಾತ್ರ ಬೇಡ.

ಸೂಜಿದಾರ, ಗೌರಿಬಿದನೂರು:

ಚೀಟಿ ಬಿಡಿ, ಬಟ್ಟೆ ಒಳಮಗ್ಗಲು ತಿರುಗಿಸಿ ನೋಡಿ. ಹೊಲಿಗೆಯ ಪಕ್ಕ ಬೆರಳಗಲ ಬಟ್ಟೆ ಬಿಟ್ಟಿದ್ದರೆ ತಗೊಳ್ಳಿ. ನಾಳೆ ನೀವು ಸ್ವಲ್ಪ ಮೈ ಬಂದರೂ ಬಿಚ್ಚಿ ಅಗಲ ಮಾಡಿಕೊಡ್ತೀವಿ. ಈಗಿನ ರೆಡಿಮೇಡಲ್ಲಿ ಬಟ್ಟೆ ಉಳಿಸೋಕೆ ಅಂಚಿಗೇ ಹೊಲಿದಿರ್ತಾರೆ. ಕಂಕುಳಲ್ಲಿ ಒಂದು ಸಲ ಬಿಟ್ಟುಕೊಂಡರೆ ಯಾವ ಟೈಲರೂ ಏನೂ ಮಾಡೋಕಾಗಲ್ಲ.

ಕಾಟನ್ನೇ ಹೌದಾ ಅಂತ ಅನುಮಾನ ಬಂದ್ರೆ ಒಂದು ನೂಲು ಎಳೆದು ಬೆಂಕಿ ತಾಗಿಸಿ. ಕಾಟನ್ ಆದ್ರೆ ಕಾಗದದ ಹಾಗೆ ಉರಿದು ಬೂದಿ ಆಗುತ್ತೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತೆ. ಅಂಗಡಿಯಲ್ಲಿ ಮಾಡಬೇಡಿ ಮತ್ತೆ, ಓಡಿಸ್ತಾರೆ!

ರೀಲರ್ ಮಗ, ಶಿಡ್ಲಘಟ್ಟ:

ಮೇಡಂ, ಬಿದಿರಿನ ಬಟ್ಟೆ ಅಂತ ಮಾರೋದರಲ್ಲಿ ಹೆಚ್ಚಿನದು ವಿಸ್ಕೋಸ್. ಬಿದಿರಿನ ತಿರುಳನ್ನ ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್ ಹಾಕಿ ಕರಗಿಸಿ ಎಳೆ ತೆಗೀತಾರೆ. ಗಿಡ ಬಿದಿರೇ, ನಡುವಿನ ಕೆಲಸ ಪೂರ್ತಿ ಕೆಮಿಕಲ್ ಕಾರ್ಖಾನೆಯದು. ಕೆಲಸಗಾರರ ನರಕ್ಕೆ ಆ ಡೈಸಲ್ಫೈಡ್ ಒಳ್ಳೇದಲ್ಲ. ಆರ್ಗ್ಯಾನಿಕ್ ಹತ್ತಿ ಬೇಕಿದ್ರೆ ‘ಗಾಟ್ಸ್’ (GOTS) ಅನ್ನೋ ಆರ್ಗ್ಯಾನಿಕ್ ಬಟ್ಟೆಯ ಪ್ರಮಾಣೀಕರಣದ ಗುರುತು ನೋಡಿ. ಅದರಲ್ಲಿ ಬರೀ ‘ಆರ್ಗ್ಯಾನಿಕ್’ ಅಂತಿದ್ರೆ ಶೇ. 95 ಆದ್ರೂ ಆರ್ಗ್ಯಾನಿಕ್ ನೂಲು ಇರಬೇಕು. ‘ಆರ್ಗ್ಯಾನಿಕ್ ಬಳಸಿ ಮಾಡಿದ್ದು’ ಅಂತಿದ್ರೆ ಶೇ. 70 ಸಾಕು. ಕೈಮಗ್ಗಕ್ಕೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಬರೀ ಎಲೆ ಚಿತ್ರವನ್ನ ಯಾರು ಬೇಕಾದ್ರೂ ಪ್ರಿಂಟ್ ಹಾಕಿಸಬಹುದು.

ಹಾಗಂತ ನಮ್ಮ ರೇಷ್ಮೆ ಸಾಚಾ ಅಂತ ಜಂಬ ಕೊಚ್ಚಲ್ಲ. ಒಂದು ಕಿಲೋ ನೂಲಿಗೆ ಆರರಿಂದ ಎಂಟು ಕಿಲೋ ಗೂಡು ಬೇಕು, ಒಳಗಿನ ಹುಳ ಬಿಸಿನೀರಲ್ಲೇ ಸಾಯುತ್ತೆ. ಸೌದೆ ಬೇರೆ ಉರಿಸ್ತೀವಿ. ನಮ್ಮ ಕಡೆ ಹಿಪ್ಪುನೇರಳೆಗೆ 1,200 ಅಡಿ ಬೋರು ಕೊರೆದವರೂ ಇದ್ದಾರೆ. ನಿಮ್ಮ ಸಿಂಟೆಕ್ಸ್ ಲೆಕ್ಕ ಹಾಕಿದ್ರೆ ನಮ್ಮಪ್ಪ ಊಟ ಬಿಡ್ತಾರೆ! ಒಂದೇ ಸಮಾಧಾನ, ನಮ್ಮಜ್ಜಿ ಮದುವೆ ಸೀರೆ ಉಟ್ಟು ಮೊನ್ನೆ ತಂಗಿ ಹಸೆಮಣೆ ಏರಿದಳು.

ಲೈನ್ ನಂಬರ್ ನಾಲ್ಕು:

ನಾನು ಗಾರ್ಮೆಂಟ್ಸಲ್ಲಿ ಹೊಲಿಯೋಳು. ಬೆಳಗ್ಗೆ ಆರಕ್ಕೆ ಬಸ್ಸು. ಇಲ್ಲಿ ಎಲ್ಲರೂ ನೀರು, ಹುಳ, ಬಿದಿರು ಅಂತಿದ್ದೀರಿ. 2013ರಲ್ಲಿ ಢಾಕಾ ಹತ್ತಿರ ರಾಣಾ ಪ್ಲಾಜಾ ಅನ್ನೋ ಗಾರ್ಮೆಂಟ್ಸ್ ಕಟ್ಟಡ ಬಿದ್ದು 1,134 ಜನ ಸತ್ತರು, ಎಷ್ಟೋ ಜನ ನನ್ನಂಥ ಹೆಂಗಸರೇ. ಹಸಿರು ಚೀಟಿನೂ ನಮ್ಮ ಕೈಲೇ ಹೊಲಿಸ್ತಾರೆ ಅಕ್ಕ. ಅದೇ ಲೈನು, ಅದೇ ಟಾರ್ಗೆಟ್ಟು, ಅದೇ ಸಂಬಳ. ನಾನು ಬಟ್ಟೆ ತಗೊಳ್ಳುವಾಗ ಏನು ನೋಡ್ತೀನಿ ಅಂತ ಕೇಳಿದ್ರಲ್ಲ, ಬೆಲೆ ನೋಡ್ತೀನಿ. ಆಮೇಲೆ ಮಗಳಿಗೆ ಎರಡು ವರ್ಷ ಬರುತ್ತಾ ಅಂತ ಉದ್ದ ನೋಡ್ತೀನಿ. ಅಷ್ಟೇ.

ಟೀಚರಮ್ಮ, ಚಿಕ್ಕಬಳ್ಳಾಪುರ:

ನಾಲ್ಕನೇ ಲೈನಿನ ತಂಗಿ, ನಿಮ್ಮ ಮಾತು ನಾಟಿತು. ಕುರ್ತಾ ಹೊಲಿದ ಕೈ ಯಾವುದು ಅಂತ ನನಗೆ ಹೊಳೆದಿರಲೇ ಇಲ್ಲ.

ಇವತ್ತು 650ರ ಕಾಟನ್ ತರೋಣ ಅಂತ ಹೋಗಿ ಒಳಮಗ್ಗಲು ತಿರುಗಿಸಿದೆ. ಬೆರಳಗಲ ಹೋಗಲಿ, ಅಕ್ಕಿಕಾಳಿನಗಲ ಬಟ್ಟೆನೂ ಇರಲಿಲ್ಲ. ಅದನ್ನೂ ಬಿಟ್ಟೆ. ಮನೆಗೆ ಬಂದು ಬೀರು ತೆಗೆದರೆ ಅಮ್ಮನ ನಾಲ್ಕು ಕಾಟನ್ ಸೀರೆ ಸಿಕ್ಕವು. ಅವರು ಹೋಗಿ ಮೂರು ವರ್ಷ ಆಯ್ತು, ಬೊಂತೆ ಹೊಲಿಸೋಣ ಅಂತ ಇಟ್ಟಿದ್ದೆ. ಎರಡರಲ್ಲಿ ಮೈಯೆಲ್ಲಾ ಗಟ್ಟಿಯಾಗಿದೆ, ಸೆರಗಿನ ಹತ್ತಿರ ಮಾತ್ರ ಜಾಳು ಬಿದ್ದಿದೆ.

ಸೂಜಿದಾರ ಅವರೇ, ಒಂದು ಸೀರೆಯಲ್ಲಿ ಉದ್ದ ತೋಳಿನ ಕುರ್ತಾ ಎರಡು ಆಗುತ್ತಾ? ಹೊಲಿಗೆ ಪಕ್ಕ ಬೆರಳಗಲ ಬಿಟ್ಟು?