ದೊಡ್ಡವ್ವನ ಟಿಕೆಟ್: 12 ತಾಸಲ್ಲ, 23 ತಾಸು

ಅಕ್ಕಾ, ದೊಡ್ಡವ್ವನ ಟಿಕೆಟ್ ಫೋಟೊ ನೋಡಿದೆ. ಜೂನ್‌ದಾಗ ಹೈದರಾಬಾದಿಂದ ನಸುಕಿನ್ಯಾಗ 4ಕ್ಕ ಬಿಟ್ಟು ಅದೇ ತಾರೀಖು ಸಂಜಿ 4:30ಕ್ಕ ಅಮೆರಿಕದ ಡಲ್ಲಾಸ್ ಅಂತ ಐತಿ. ಅದನ್ನ ನೋಡಿ ಮಾಮಾ ‘ಹನ್ನೆರಡೂವರೆ ತಾಸು, ಒಂದು ನಿದ್ದಿ ಹೊಡದ್ರ ಮುಗೀತು’ ಅಂದಾರ. ಹಂಗಲ್ರಿ ಮಾಮಾ. ಬಿಡೋ ಟೈಮ್ ನಮ್ಮ ಗಡಿಯಾರದ್ದು, ಇಳಿಯೋ ಟೈಮ್ ಅವರದ್ದು. ಜೂನ್‌ದಾಗ ಡಲ್ಲಾಸ್ ನಮಗಿಂತ ಹತ್ತೂವರೆ ತಾಸು ಹಿಂದ. ಅವ್ವ ಅಲ್ಲಿ ಇಳದಾಗ ರಾಯಚೂರಾಗ ಮರುದಿನ ನಸುಕಿನ 3 ಹೊಡದಿರ್ತೈತಿ. ಅಂದ್ರ ಪೂರಾ 23 ತಾಸು.

ದುಬೈ ತನಕ ಸುಮಾರು 2,500 ಕಿಲೋಮೀಟರ್, 4 ತಾಸು. ಅಲ್ಲಿ 3 ತಾಸು ಕಾಯಬೇಕು. ಆಮ್ಯಾಲ ದುಬೈಯಿಂದ ಡಲ್ಲಾಸ್‌ಗೆ ಸುಮಾರು 12,900 ಕಿಲೋಮೀಟರ್, ಎಲ್ಲೂ ನಿಲ್ಲದಂಗ 16 ತಾಸು. ನನಗ ಚಿಂತಿ ಇರೋದು ಇದರದ್ದೇ.

ತಮ್ಮ ಕೇಳಿದ್ದ, ವಿಮಾನ ತಾಸಿಗೆ 900 ಓಡತೈತಂದ್ರ ಹದಿನಾಲ್ಕೂವರೆದಾಗ ಮುಟ್ಟಬೇಕಲ್ಲ ಅಂತ. ಅಷ್ಟು ಎತ್ತರದಾಗ ಪಶ್ಚಿಮದಿಂದ ಪೂರ್ವಕ್ಕ ಜೋರು ಗಾಳಿ ಬೀಸ್ತೈತಿ, ಜೆಟ್ ಸ್ಟ್ರೀಮ್ ಅಂತಾರ. ಹೋಗೋವಾಗ ಅದು ಎದುರು ಹೊಡೀತೈತಿ, ಬರೋವಾಗ ಹಿಂದಿಂದ ದಬ್ಬತೈತಿ. ಅದಕ್ಕ ವಾಪಸ್ ಬರೋ ಟೈಮ್ ಕಡಿಮಿ. ಇನ್ನ ಸೀಟಿನ ಮುಂದಿನ ಪರದೆ ಮ್ಯಾಲ ವಿಮಾನ ಉತ್ತರಕ್ಕ ಹೊಂಟು ಗ್ರೀನ್‌ಲ್ಯಾಂಡ್ ಕಡೆ ಹಾಯೋದು ಕಾಣ್ತೈತಿ. ಅವ್ವಗ ಮೊದ್ಲೇ ಹೇಳಿರ್ರಿ, ಗಾಬರಿ ಆಗಬಾರದು. ಗ್ಲೋಬಿನ ಮ್ಯಾಲ ದುಬೈಯಿಂದ ಡಲ್ಲಾಸ್‌ಗೆ ಒಂದು ದಾರ ಬಿಗಿದು ಹಿಡೀರಿ, ಹತ್ತಿರದ ದಾರಿ ಅದೇ ಅಂತ ಗೊತ್ತಾಗತೈತಿ.

ಅಕ್ಕಾ, ಈಗ ಮುಖ್ಯ ಮಾತು. ಅವ್ವಗ ಶುಗರ್ ಐತಿ. ಇನ್ಸುಲಿನ್ ಯಾವ ಹೊತ್ತಿಗೆ, ಎಷ್ಟು ಅಂತ ಈ ವಾರನೇ ಡಾಕ್ಟರ್ ಹತ್ರ ಕೇಳಿ ಹಾಳ್ಯಾಗ ಬರೆಸ್ಕೋ, ಭಾರತದ ಟೈಮ್ ಲೆಕ್ಕದಾಗೇ ಬರೆಸು. ಔಷಧ, ಚೀಟಿ ಎಲ್ಲಾ ಕೈಚೀಲದಾಗ ಇರಬೇಕು, ದೊಡ್ಡ ಪೆಟ್ಟಿಗ್ಯಾಗ ಹಾಕಬ್ಯಾಡ. ಓಣಿ ಬದಿ ಸೀಟು ತಗೋ. ಕಿಟಕಿ ಕಡೆ ಕುಂತ್ರ ಪಕ್ಕದವರನ್ನ ಎಬ್ಬಿಸಾಕ ನಾಚಿ ನೀರು ಕುಡಿಯೋದೇ ಬಿಡ್ತಾಳ ನಮ್ಮವ್ವ. ತಾಸು ಎರಡು ತಾಸಿಗೊಮ್ಮೆ ಎದ್ದು ನಾಕು ಹೆಜ್ಜಿ ಅಡ್ಡಾಡಬೇಕು, ಕುಂತಲ್ಲೇ ಪಾದ ಮ್ಯಾಲ ಕೆಳಗ ಮಾಡಬೇಕು. ಅಷ್ಟು ಹೊತ್ತು ಅಲುಗಾಡದಂಗ ಕುಂತ್ರ ಕಾಲಿನ ರಕ್ತನಾಳದಾಗ ರಕ್ತ ಹೆಪ್ಪುಗಟ್ಟೋ ಭಯ ಇರ್ತೈತಿ. ವೀಲ್‌ಚೇರ್ ಇವತ್ತೇ ಹೇಳಿಬಿಡು. ಅವ್ವಗ ನಡಿಯಾಕ ಬರತೈತಿ ಖರೆ, ಆದ್ರ ದುಬೈದಾಗ ಗೇಟಿನಿಂದ ಗೇಟಿಗೆ ಭಾಳ ದೂರ, ಬೋರ್ಡ್ ಓದಾಕೂ ಆಗಂಗಿಲ್ಲ. ಕರಕೊಂಡು ಹೋಗೋರು ಒಬ್ರು ಜೋಡಿ ಇದ್ರ ನಮಗೆಲ್ಲಾ ಸಮಾಧಾನ.

ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟು, ಅಮೆರಿಕದಾಗ ಇಳದ ಮ್ಯಾಲ ಕಸ್ಟಮ್ಸ್‌ನವರಿಗೆ ತಿನ್ನೋ ಸಾಮಾನು ಐತಿ ಅಂತ ಹೇಳಬೇಕು. ಮಾವಿನಹಣ್ಣು ಮಾತ್ರ ಬ್ಯಾಡ.

ಮಾಮಾ, ರಾಯಚೂರಿಂದ ಹಿಂದಿನ ದಿನ ರಾತ್ರಿ 8ಕ್ಕ ಗಾಡಿ ಬಿಡಬೇಕ್ರಿ. ಶಕ್ತಿನಗರ, ಮಖ್ತಲ್, ಮಹಬೂಬನಗರ ದಾಟಿ ಶಂಶಾಬಾದ್ ವಿಮಾನ ನಿಲ್ದಾಣ ಮುಟ್ಟಾಕ 4 ತಾಸಂತೂ ಬೇಕು, 1ಕ್ಕ ಒಳಗಿರಬೇಕು. ಡ್ರೈವರ್‌ಗೆ ನಾನು ಹೇಳ್ತೀನಿ.