ಬೋರ್ ಕೇಬಲ್ ಕದ್ದ ಹುಡುಗ, ತೋಟದ ಯಜಮಾನ್ರು: ಇಬ್ರನ್ನೂ ಕೂರ್ಸಿ ಮಾತಾಡ್ಸೋದು ಹೇಗೆ?

ಹೊಸ_ಕೇಸ್‌ವರ್ಕರ್:
ಎಲ್ರಿಗೂ ನಮಸ್ಕಾರ. ಎಂಎಸ್‌ಡಬ್ಲ್ಯೂ ಮುಗ್ಸಿ ಕೋಲಾರ ಜಿಲ್ಲೇಲಿ ಒಂದು ಸಂಸ್ಥೆಗೆ ಸೇರಿ ಐದು ತಿಂಗ್ಳಾಯ್ತು, ಬಾಲ ನ್ಯಾಯ ಮಂಡಳಿಗೆ ಬರೋ ಹುಡುಗ್ರ ಫಾಲೋಅಪ್ ನನ್ನ ಕೆಲ್ಸ. ಒಂದು ಕೇಸಲ್ಲಿ ತಲೆ ಕೆಟ್ಟೋಗಿದೆ. ಹದಿನಾರು ವರ್ಷದ ಹುಡುಗ, ಇಬ್ರು ದೊಡ್ಡೋರ ಜೊತೆ ರಾತ್ರಿ ತೋಟಕ್ಕೆ ನುಗ್ಗಿ ಸ್ಟಾರ್ಟರ್ ಡಬ್ಬದಿಂದ ಬೋರ್‌ವರ್ಗೂ ಇದ್ದ ಕೇಬಲ್ ಕತ್ತರಿಸ್ಕೊಂಡು, ಕೆರೆ ಅಂಗಳದಲ್ಲಿ ಸುಟ್ಟು ತಾಮ್ರ ತೆಗ್ದು ಗುಜರಿಗೆ ಹಾಕಿದಾನೆ. ದೊಡ್ಡೋರು ಜೊತೆಗಿದ್ರಲ್ಲ, ಅದಕ್ಕೇ ಎಫ್‌ಐಆರ್ ಆಯ್ತು. ಟೊಮೊಟೊ ಹೂ ಬಿಟ್ಟಿದ್ದ ಟೈಮು, ನಾಲ್ಕು ದಿನ ನೀರಿಲ್ದೆ ಹೂವೆಲ್ಲಾ ಉದುರೋಯ್ತಂತೆ.

ಈಗ ಯಜಮಾನ್ರು ಏನಂತಾರೆ ಅಂದ್ರೆ, "ಕೇಸು ಗೀಸು ಬೇಡಮ್ಮ, ಅರಳಿಕಟ್ಟೆ ಹತ್ರ ಎಲ್ರ ಮುಂದೆ ಕಾಲಿಗೆ ಬೀಳ್ಲಿ, ಒಂದು ತಿಂಗ್ಳು ನಮ್ ತೋಟದಲ್ಲಿ ದುಡೀಲಿ, ಸಾಕು." ಹುಡುಗನ ತಾಯಿ ಅದೇ ತೋಟಕ್ಕೆ ಕೂಲಿಗೆ ಹೋಗೋದು, ಆಯಮ್ಮನೂ "ಬಿದ್ರೆ ಮುಗೀತಲ್ಲ ಬಿಡಮ್ಮ" ಅಂತಾಳೆ. ಹುಡುಗ ಬಾಯೇ ಬಿಡಲ್ಲ. ನಮ್ಗೆ ಟ್ರೇನಿಂಗಲ್ಲಿ ರೆಸ್ಟೊರೇಟಿವ್ ಜಸ್ಟೀಸ್ ಅಂತ, ಅಂದ್ರೆ ತಪ್ಪು ಮಾಡಿದೋರು ನಷ್ಟ ಆದೋರು ಎದುರುಬದುರು ಕೂತು ಆಗಿದ್ದನ್ನ ಸರಿ ಮಾಡ್ಕೊಳೋದು, ಪಿಪಿಟಿ ತೋರ್ಸಿದ್ರು, ಕುರ್ಚಿ ರೌಂಡಾಗಿ ಹಾಕಿರೋ ಫೋಟೊ. ಇದೂ ಅದೇನಾ?

ಹಳೇ_ಪಿಒ:
ಅಲ್ಲ ತಾಯಿ, ಪ್ರೊಬೇಶನ್ ಆಫೀಸರಾಗಿ (ಪಿಒ) ಹೇಳ್ತೀನಿ, ಇದು ಪಂಚಾಯ್ತಿ. ಊರ ಹೆಸ್ರು ಹಾಕಿಲ್ಲ, ಒಳ್ಳೇದಾಯ್ತು, ಮುಂದಕ್ಕೂ ಹಾಕ್ಬೇಡಿ, 2015ರ ಬಾಲ ನ್ಯಾಯ ಕಾಯ್ದೆ ಸೆಕ್ಷನ್ 74ರಲ್ಲಿ ಮಗುವಿನ ಗುರುತು ಬಿಟ್ಟುಕೊಟ್ರೆ 6 ತಿಂಗ್ಳವರ್ಗೂ ಜೈಲು ಇಲ್ಲಾ 2 ಲಕ್ಷದವರ್ಗೂ ದಂಡ, ಎರಡೂ ಆಗ್ಬಹುದು. ಅರಳಿಕಟ್ಟೆಗೆ ಕರ್ಕೊಂಡೋದ್ರೆ ಗುರುತು ಏನುಳೀತು ಹೇಳಿ.

ದುಡಿಯೋ ವಿಷ್ಯ ಇನ್ನೂ ಕಷ್ಟ. ತಾಯಿ ಕೂಲಿ, ಮಗ ಬಿಟ್ಟಿ, ತೋಟ ಒಬ್ರದ್ದೇ. ಇದಕ್ಕೆ ನಮ್ ಕಡೆ ಹೆಸ್ರಿದೆ, ಜೀತ ಅಂತ, 1976ರಲ್ಲೇ ಕಾನೂನು ಮಾಡಿ ನಿಲ್ಸಿದ್ದು. ಬಾಲ ನ್ಯಾಯ ಕಾಯ್ದೆ ಸೆಕ್ಷನ್ 18ರಲ್ಲಿ ಸಮುದಾಯ ಸೇವೆ ಇದೆ ನಿಜ, ಆದ್ರೆ ಅದನ್ನ ಹೇಳ್ಬೇಕಾದೋರು ಮಂಡಳಿಯವ್ರು, ತೋಟದ ಯಜಮಾನ್ರಲ್ಲ. ರೂಲ್ಸಲ್ಲಿ ಕೊಟ್ಟಿರೋ ಉದಾಹರಣೆ ನೋಡಿ, ಪಾರ್ಕ್ ನೋಡ್ಕೊಳೋದು, ವಯಸ್ಸಾದೋರಿಗೆ ಸಹಾಯ ಮಾಡೋದು, ಆಸ್ಪತ್ರೇಲಿ ಕೈ ಜೋಡ್ಸೋದು ಇಂಥವು. ಮಗುಗೆ ಅವಮಾನ ಆಗೋ ಥರ ಇರಂಗಿಲ್ಲ.

ಇನ್ನೊಂದು ನೀವು ಮರ್ತಿರೋದು, ವಿಚಾರಣೆ ಇನ್ನೂ ನಡೀತಿದೆಯಾ? ನಡೀತಿದ್ರೆ ಇಬ್ರನ್ನೂ ಎದುರುಬದುರು ಕೂರ್ಸಕ್ಕೆ ಮುಂಚೆ ಮಂಡಳಿಗೆ ಬರ್ದು ಕೇಳಿ, ಹುಡುಗನ ವಕೀಲ್ರಿಗೂ ಹೇಳಿ. ಅಲ್ಲಿ ಅವ್ನು ಬಾಯ್ತಪ್ಪಿ ಹೇಳಿದ್ದು ನಾಳೆ ಅವ್ನ ಮೇಲೇ ತಿರುಗಬಾರ್ದು. ಮತ್ತೆ ಇಬ್ರ ಜೊತೆನೂ ಬೇರೆ ಬೇರೆಯಾಗಿ ಎರಡ್ಮೂರು ಸಲ ಮಾತಾಡಿ, ಕುರ್ಚಿ ರೌಂಡಾಗಿ ಹಾಕೋದು ಕೊನೇ ಕೆಲ್ಸ.

ಬೋರ್_ಬತ್ತಿದವ:
ನಾನು ರೈತ, ಶ್ರೀನಿವಾಸಪುರ ಕಡೆ. ನಮ್ದೂ ಎರಡು ಸಲ ಕೇಬಲ್ ಹೋಗಿದೆ. ಎಲ್ರೂ ಹುಡುಗನ ಮರ್ಯಾದೆ ಬಗ್ಗೆ ಯೋಚ್ನೆ ಮಾಡ್ತೀರ, ಸರಿ, ಆ ಯಜಮಾನಪ್ಪನ್ನ ಯಾರಾದ್ರೂ ಕೂತು ಕೇಳಿದ್ರಾ? ಸಾವಿರ ಅಡಿ ಬೋರು, ಕರೆಂಟ್ ಬಂದಾಗ ನಿದ್ದೆಗೆಟ್ಟು ಎದ್ದೋಗಿ ಸ್ವಿಚ್ ಒತ್ತಿದ್ರೆ ಮೋಟ್ರು ಸದ್ದೇ ಇಲ್ಲ, ಬ್ಯಾಟ್ರಿ ಬಿಟ್ಟು ನೋಡಿದ್ರೆ ವೈರ್ ಇಲ್ಲ. ಆ ಹೊತ್ತಿನ ಹೊಟ್ಟೆ ಉರಿ ಕಾಲಿಗೆ ಬೀಳ್ಸಿದ್ರೂ ಹೋಗಲ್ಲ. ನನ್ ಕೇಸಲ್ಲಿ ಕೋರ್ಟಿಂದ ಒಂದು ಫೋನೂ ಬರ್ಲಿಲ್ಲ, ಏನಾಯ್ತು ಅಂತ ಇವತ್ತಿಗೂ ಗೊತ್ತಿಲ್ಲ.

ಹಳೇ_ಪಿಒ:
ಅಣ್ಣ ಹೇಳಿದ್ದು ಸರಿ, ನಾವು ತಪ್ಪೋದು ಇಲ್ಲೇ. ರೆಸ್ಟೊರೇಟಿವ್ ಜಸ್ಟೀಸ್‌ಗೆ ಒಂದು ಉದಾಹರಣೆ ಕೇಳಿ, 1974ರಲ್ಲಿ ಕೆನಡಾದ ಎಲ್ಮೈರಾ ಅನ್ನೋ ಊರಲ್ಲಿ ಇಬ್ರು ಹುಡುಗ್ರು ಕುಡ್ದು ಒಂದೇ ರಾತ್ರಿ 22 ಜನರ ಆಸ್ತಿ ಹಾಳು ಮಾಡಿದ್ರು. ಮಾರ್ಕ್ ಯಾಂಟ್ಸಿ ಅನ್ನೋ ಪ್ರೊಬೇಶನ್ ಆಫೀಸರು ಜಡ್ಜ್ ಹತ್ರ ಪರ್ಮಿಶನ್ ತಗೊಂಡು ಅವ್ರನ್ನ ಆ ಮನೆಗಳ ಬಾಗ್ಲಿಗೇ ಕರ್ಕೊಂಡೋದ್ರು, ಎಷ್ಟು ನಷ್ಟ ಆಯ್ತು ಅಂತ ಅವ್ರೇ ಕೇಳ್ಕೊಂಡು ಬಂದು ತೀರ್ಸಿದ್ರು. ಕಾಲಿಗೆ ಬೀಳೋದಕ್ಕಿಂತ ಅದು ಕಷ್ಟ ಕಣಮ್ಮ. ಬೀಳೋವಾಗ ಮುಖ ನೆಲ ನೋಡ್ತಿರುತ್ತೆ.

ಆದ್ರೆ ದುಡ್ಡು ತಾಯಿ ಕೂಲಿಯಿಂದ ಹಿಡ್ಕೊಳೋ ಹಾಗೆ ಆಗ್ಬಾರ್ದು, ಅದನ್ನ ಮೊದ್ಲೇ ಯಜಮಾನ್ರ ಹತ್ರ ಬಾಯ್ಬಿಟ್ಟು ಹೇಳಿ.

ಚಿಂತಾಮಣಿ_ಅಕ್ಕ:
ಹುಡುಗ ಬಾಯಿ ಬಿಡಲ್ಲ ಅಂದ್ರಲ್ಲ, ಮನೇಲಿ ತೆಲುಗಾ? ನೀವು ಕನ್ನಡದಲ್ಲಿ, ಅದೂ ಫಾರಂ ಕೈಲಿ ಹಿಡ್ಕೊಂಡು ಕೇಳಿದ್ರೆ ಅವ್ನಿಗೆ ಸ್ಟೇಷನ್ನೇ ನೆನಪಾಗುತ್ತೆ. ಪೆನ್ನು ಒಳಗಿಟ್ಟು ಮಾತಾಡಿ ನೋಡಿ.

ಹೊಸ_ಕೇಸ್‌ವರ್ಕರ್:
ತಡವಾಗಿ ಬರೀತಿದೀನಿ, ಕ್ಷಮ್ಸಿ. ಅಕ್ಕ ಹೇಳ್ದಂಗೆ ತೆಲುಗಲ್ಲಿ ಮಾತಾಡ್ಸಿದೆ, ಮುಕ್ಕಾಲು ಗಂಟೆ ಮಾತಾಡ್ದ, ಜಾಸ್ತಿ ಅವ್ನ ಹಸು ಬಗ್ಗೆನೇ. ಮಂಡಳಿ ಒಪ್ಪಿದ್ಮೇಲೆ ಯಜಮಾನ್ರು, ಹುಡುಗ, ಅವ್ನ ಸೋದರಮಾವ, ನಾನು, ಇಷ್ಟೇ ಜನ ನಮ್ ಆಫೀಸಲ್ಲಿ ಕೂತ್ವಿ. ತಾಯಿ ಬರ್ಲಿಲ್ಲ, ಆ ದಿನದ ಕೂಲಿ ಬಿಡಕ್ಕಾಗಲ್ಲ ಅಂದ್ರು.

ಯಜಮಾನ್ರು ಪ್ಲಾಸ್ಟಿಕ್ ಕವರಲ್ಲಿ ಒಂದಷ್ಟು ಉದುರಿದ ಹೂವು ತಂದಿದ್ರು, ಒಣಗಿ ಪುಡಿಯಾಗಿತ್ತು. ಟೇಬಲ್ ಮೇಲೆ ಸುರ್ದು, "ಗುಜರಿಯೋನು ನಿಂಗೆಷ್ಟು ಕೊಟ್ಟ?" ಅಂದ್ರು. ಹುಡುಗ "ನನ್ ಪಾಲಿಗೆ ಮುನ್ನೂರು" ಅಂದ. ಯಜಮಾನ್ರು ಒಂಚೂರು ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ "ಮುನ್ನೂರಕ್ಕಾ?" ಅಂತ ಎರಡು ಸಲ ಕೇಳಿದ್ರು. ಕಾಲಿಗೆ ಬೀಳೋ ವಿಷ್ಯ ಯಾರೂ ಎತ್ಲಿಲ್ಲ. ಹುಡುಗ ಹೂವು ಪುಡಿನೆಲ್ಲಾ ಕೈಯಲ್ಲೇ ಬಳ್ದು ವಾಪಸ್ ಕವರಿಗೆ ತುಂಬ್ದ.

ನಷ್ಟದ ಲೆಕ್ಕ ಇನ್ನೂ ಮುಗ್ದಿಲ್ಲ, ಮುಂದಿನ ವಾರ ಮತ್ತೆ ಕೂರ್ಬೇಕು. ಯಜಮಾನ್ರು ಈ ಸಲ ತಾಯಿನೂ ಬರ್ಲಿ, ಅವತ್ತಿನ ಕೂಲಿ ನಾನೇ ಕೊಡ್ತೀನಿ ಅಂದಿದಾರೆ. ಅದಕ್ಕೆ ಏನ್ ಹೇಳ್ಬೇಕೋ ನಂಗೆ ಗೊತ್ತಾಗ್ತಿಲ್ಲ ಪಿಒ ಸರ್, ಹೂಂ ಅನ್ಲಾ?