ಎರಡನೆಯ ತರಗತಿಯಲ್ಲಿ ಮಾತ್ರ ವೈಫೈ ಸಿಗುತ್ತಿಲ್ಲ: 170 ವಿದ್ಯಾರ್ಥಿಗಳಿಂದ ಮೊಬೈಲಿನಲ್ಲಿ ಉತ್ತರ ಪಡೆಯುವುದು ಹೇಗೆ?

ವಾಣಿಜ್ಯ_ಮೇಷ್ಟ್ರು, ಕಲಬುರಗಿ

ಎಲ್ಲರಿಗೂ ಶರಣು. ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಬಿ.ಕಾಂ. ಮೊದಲ ವರ್ಷದವರಿಗೆ ಅರ್ಥಶಾಸ್ತ್ರ ಬೋಧಿಸುತ್ತೇನೆ. ಒಂದೇ ಸಭಾಂಗಣದಲ್ಲಿ ಒಂದರ ಹಿಂದೊಂದು ಎರಡು ತರಗತಿಗಳಿದ್ದು, ಮೊದಲನೆಯದರಲ್ಲಿ 160, ಎರಡನೆಯದರಲ್ಲಿ 170 ವಿದ್ಯಾರ್ಥಿಗಳಿದ್ದಾರೆ. ಪಾಠದ ನಡುವೆ ಗೂಗಲ್ ಫಾರ್ಮ್ಸ್ ಮೂಲಕ ಒಂದು ಬಹುಆಯ್ಕೆ ಪ್ರಶ್ನೆ ಕೊಟ್ಟು, ಕ್ಯೂಆರ್ ಕೋಡನ್ನು ಪರದೆಯ ಮೇಲೆ ತೋರಿಸಿ, ಬಂದ ಉತ್ತರಗಳ ನಕ್ಷೆಯನ್ನು ಅಲ್ಲೇ ಚರ್ಚಿಸುತ್ತೇನೆ.

ಮೊದಲ ತರಗತಿಯಲ್ಲಿ ಎಲ್ಲವೂ ಸುಸೂತ್ರವಾಗಿ ನಡೆಯುತ್ತದೆ. ಎರಡನೆಯದರಲ್ಲಿ ಸುಮಾರು 90 ಮಂದಿಗೆ ವೈಫೈ ಸಿಕ್ಕಿ, ಉಳಿದವರ ಮೊಬೈಲು ‘ಐಪಿ ವಿಳಾಸ (ಜಾಲದಲ್ಲಿ ಪ್ರತಿ ಉಪಕರಣವನ್ನು ಗುರುತಿಸುವ ಸಂಖ್ಯೆ) ಪಡೆಯಲಾಗುತ್ತಿದೆ’ ಎಂಬಲ್ಲೇ ನಿಂತುಬಿಡುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಮೊದಲು ಒಳಗೆ ಬಂದವರಿಗೆ ಸಿಗುತ್ತದೆ, ತಡವಾಗಿ ಬಂದವರಿಗೆ ಅವರು ಎಲ್ಲಿ ಕುಳಿತರೂ ಸಿಗುವುದಿಲ್ಲ. ಕಟ್ಟಡದ ಗೋಡೆಗಳು ದಪ್ಪ ಕಲ್ಲಿನವಾದ್ದರಿಂದ ಒಳಗೆ ಮೊಬೈಲ್ ಡೇಟಾವನ್ನು ನೆಚ್ಚುವಂತಿಲ್ಲ. ಸಭಾಂಗಣದ ಗೋಡೆಗಳ ಮೇಲೆ ಮೂರು ಆಕ್ಸೆಸ್ ಪಾಯಿಂಟುಗಳಿದ್ದು (ವೈಫೈ ಹರಡುವ ಪೆಟ್ಟಿಗೆಗಳು), ಮೂರೂ ಕಚೇರಿಯಲ್ಲಿರುವ ಒಂದೇ ರೂಟರಿಗೆ ಸೇರಿವೆ. ರೂಟರನ್ನು ಆರಿಸಿ ಹಾಕಿದರೆ ಅಂದಿನ ಮಟ್ಟಿಗೆ ಸರಿಹೋಗುತ್ತದೆ.

ಜೊತೆಗೊಂದು ಚಿಕ್ಕ ತೊಂದರೆಯಿದೆ: ನುಡಿ ತಂತ್ರಾಂಶದಲ್ಲಿ ಟೈಪಿಸಿಟ್ಟ ಹಳೆಯ ಪ್ರಶ್ನೆಗಳನ್ನು ಫಾರ್ಮಿಗೆ ನಕಲಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣಿಸುತ್ತವೆ.

ಓದುಗ_ಹುಮನಾಬಾದ್

ಇಷ್ಟೊಂದು ಮಂದಿಗೆ ಈಗಿರುವ ಬ್ರಾಡ್‌ಬ್ಯಾಂಡ್ ವೇಗ ಸಾಲದಾಗಿರಬಹುದು. ಹೆಚ್ಚಿನ ವೇಗದ ಪ್ಲಾನ್ ತೆಗೆದುಕೊಂಡು ನೋಡಿ, ಸರ್.

ಜಾಲ_ಬೀದರ್

ಪ್ಲಾನ್ ಬದಲಿಸಲು ಅವಸರ ಮಾಡಬೇಡಿ, ಸರ್. ವೇಗ ಸಾಲದಿದ್ದರೆ ಎಲ್ಲರಿಗೂ ನಿಧಾನವಾಗಬೇಕಿತ್ತು. ಇಲ್ಲಿ ಕೆಲವರಿಗೆ ಪೂರ್ತಿ ಸಿಕ್ಕು ಕೆಲವರಿಗೆ ಏನೂ ಸಿಗುತ್ತಿಲ್ಲ, ಅದೂ ಬಂದ ಸರದಿಯಲ್ಲಿ. ರೂಟರಿನ ಸೆಟ್ಟಿಂಗ್ ಪುಟದಲ್ಲಿ, ಮೊಬೈಲುಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಎಂಬ ವಿಭಾಗವಿರುತ್ತದೆ. ಅಲ್ಲಿನ ಮೊದಲ ಮತ್ತು ಕೊನೆಯ ವಿಳಾಸ, ಲೀಸ್ ಅವಧಿ (ಕೊಟ್ಟ ವಿಳಾಸ ಒಂದು ಮೊಬೈಲಿಗೆ ಮೀಸಲಾಗಿರುವ ಕಾಲ), ಹಾಗೂ ಮೂರು ಆಕ್ಸೆಸ್ ಪಾಯಿಂಟುಗಳು ಬಳಸುತ್ತಿರುವ ಚಾನೆಲ್ ಸಂಖ್ಯೆ (ವೈಫೈ ತರಂಗದ ಓಣಿ), ಇಷ್ಟನ್ನು ತಿಳಿಸಿ.

ವಾಣಿಜ್ಯ_ಮೇಷ್ಟ್ರು, ಕಲಬುರಗಿ

ಮೊದಲ ವಿಳಾಸ 192.168.1.2, ಕೊನೆಯದು 192.168.1.254. ರೂಟರಿನದು 192.168.1.1. ಲೀಸ್ ಅವಧಿ 1440 ನಿಮಿಷ. ಮೂರೂ ಆಕ್ಸೆಸ್ ಪಾಯಿಂಟುಗಳು 6ನೆಯ ಚಾನೆಲಿನಲ್ಲಿವೆ.

ಜಾಲ_ಬೀದರ್

ಲೆಕ್ಕ ಇಲ್ಲಿಯೇ ಸಿಕ್ಕಿತು. 2ರಿಂದ 254ರವರೆಗೆ ಇರುವುದು 253 ವಿಳಾಸಗಳು. ಮೊದಲ ತರಗತಿಯ 160 ಮೊಬೈಲುಗಳು ತಲಾ ಒಂದನ್ನು ಪಡೆದರೆ 93 ಉಳಿಯುತ್ತವೆ. ಅದರಲ್ಲಿ ಕಚೇರಿಯ ಗಣಕ, ಪ್ರಿಂಟರುಗಳಿಗೆ ಒಂದಿಷ್ಟು ಹೋದರೆ ನೀವು ಹೇಳಿದ 90ರ ಆಸುಪಾಸಿಗೆ ಬರುತ್ತದೆ. ವಿದ್ಯಾರ್ಥಿಗಳು ಹೊರಗೆ ಹೋದ ಮಾತ್ರಕ್ಕೆ ವಿಳಾಸಗಳು ತೆರವಾಗುವುದಿಲ್ಲ. ಶರಣಬಸವೇಶ್ವರ ಜಾತ್ರೆಯ ದಿನ ಲಾಡ್ಜಿನ ಕೋಣೆ ಹಿಡಿದವರು ಕೀಲಿಕೈ ಕೊಡದೆ ಊರಿಗೆ ಹೋದರೆ, ಮ್ಯಾನೇಜರು ಆ ದಿನದ ಅವಧಿ ಮುಗಿಯುವ ತನಕ ಆ ಕೋಣೆಯನ್ನು ಬೇರೆಯವರಿಗೆ ಕೊಡಲಾರನಲ್ಲ, ರೂಟರಿನ ಸ್ಥಿತಿಯೂ ಅದೇ. 1440 ನಿಮಿಷವೆಂದರೆ ಪೂರ್ತಿ 24 ಗಂಟೆ. ಆರಿಸಿ ಹಾಕಿದಾಗ ನಿಮ್ಮ ರೂಟರು ಹಳೆಯ ಪಟ್ಟಿಯನ್ನು ಮರೆಯುತ್ತಿರುವುದರಿಂದ ತಾತ್ಕಾಲಿಕವಾಗಿ ಸರಿಹೋಗುತ್ತಿದೆ.

ಲೀಸ್ ಅವಧಿಯನ್ನು 60 ನಿಮಿಷಕ್ಕೆ ಇಳಿಸಿ. ಅರ್ಧ ಅವಧಿ ಕಳೆದಾಗ ಮೊಬೈಲು ತಾನಾಗಿಯೇ ಲೀಸನ್ನು ನವೀಕರಿಸಿಕೊಳ್ಳುವುದರಿಂದ ಒಳಗೆ ಕುಳಿತವರಿಗೆ ಸಂಪರ್ಕ ಕಡಿಯುವ ಭಯವಿಲ್ಲ. ಆದರೆ ಎರಡು ತರಗತಿಗಳ ನಡುವೆ ಬಿಡುವಿಲ್ಲದ ಕಾರಣ ಇದೊಂದೇ ಸಾಲದು, ವಿಳಾಸಗಳ ಸಂಖ್ಯೆಯನ್ನೂ ಹೆಚ್ಚಿಸಬೇಕು. ಜಾಲದಲ್ಲಿ ಎಷ್ಟು ವಿಳಾಸಗಳಿರಬಹುದೆಂದು ನಿರ್ಧರಿಸುವ ಸಬ್‌ನೆಟ್ ಮಾಸ್ಕನ್ನು 255.255.255.0 ಎಂಬುದರಿಂದ 255.255.254.0ಕ್ಕೆ ಬದಲಿಸಿ. ಹೀಗೆ ಮಾಡಿದಾಗ ಜಾಲವು 192.168.0.0ಯಿಂದ ಆರಂಭವಾಗುವುದರಿಂದ ರೂಟರಿನ ಈಗಿನ ವಿಳಾಸ ನಟ್ಟನಡುವೆ ಸಿಕ್ಕಿಕೊಳ್ಳುತ್ತದೆ, ಅದನ್ನು 192.168.0.1 ಮಾಡಿ, ಹಂಚಿಕೆಯ ವ್ಯಾಪ್ತಿಯನ್ನು 192.168.0.20ರಿಂದ 192.168.1.254ರವರೆಗೆ ಕೊಡಿ. 491 ವಿಳಾಸಗಳು ಸಿಗುತ್ತವೆ, ನಿಮ್ಮ ಎರಡೂ ತರಗತಿಗಳು ಸೇರಿ 330. ಕೆಳಗಿನ 2ರಿಂದ 19ನ್ನು ಆಕ್ಸೆಸ್ ಪಾಯಿಂಟು, ಪ್ರಿಂಟರುಗಳಿಗೆ ಶಾಶ್ವತವಾಗಿ ಕೊಡಿ. ಇಂಟರ್ನೆಟ್ ಲೈನಿಗೂ ರೂಟರಿಗೂ ನಡುವೆ ಬೇರೆ ಮೋಡೆಮ್ ಇದ್ದು ಅದೂ 192.168.0 ಸರಣಿಯಲ್ಲಿದ್ದರೆ ಎರಡಕ್ಕೂ ತಿಕ್ಕಾಟವಾಗುತ್ತದೆ, ಅದನ್ನು ಮೊದಲೇ ನೋಡಿಕೊಳ್ಳಿ. ರೂಟರು ಈ ಮಾಸ್ಕನ್ನು ಒಪ್ಪದಿದ್ದರೆ ಲೀಸನ್ನು 10 ನಿಮಿಷಕ್ಕೆ ಇಳಿಸಿ, ಪ್ರಶ್ನೆಯನ್ನು ಪಾಠದ ಮೊದಲ ಕಾಲುಗಂಟೆಯ ನಂತರ ಕೊಡಬೇಕಾಗುತ್ತದೆ.

ಚಾನೆಲಿನ ವಿಷಯ ಬೇರೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲುಗಳೆಂದರೆ 1, 6 ಮತ್ತು 11. ಮೂರು ಪೆಟ್ಟಿಗೆಗಳೂ 6ರಲ್ಲಿದ್ದರೆ ಒಂದು ಮಾತಾಡುವಾಗ ಉಳಿದೆರಡು ಸುಮ್ಮನಿರಬೇಕಾಗುವುದರಿಂದ, ಮೂರು ಕೊಂಡು ಒಂದರ ಕೆಲಸ ಪಡೆದಂತಾಗಿದೆ. ಒಂದೊಂದಕ್ಕೆ ಒಂದೊಂದು ಚಾನೆಲ್ ಕೊಟ್ಟು, ಚಾನೆಲಿನ ಅಗಲವನ್ನು 20 ಮೆಗಾಹರ್ಟ್ಸಿಗೆ ನಿಲ್ಲಿಸಿ, 5 ಗಿಗಾಹರ್ಟ್ಸ್ ಇದ್ದರೆ ಅದನ್ನೂ ತೆರೆದಿಡಿ.

ಲಿಪಿ_ಯಾದಗಿರಿ

ಅಕ್ಷರಗಳ ತೊಂದರೆಗೆ ಕಾರಣ, ಹಳೆಯ ಕಡತಗಳು, ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ರೂಪ ತೊಡಿಸಿದ ಆಸ್ಕಿ ಫಾಂಟಿನಲ್ಲಿರುವುದು. ಫಾರ್ಮ್ ಆಗಲಿ ಆನ್‌ಲೈನ್ ಬೋಧನೆಯ ತಂತ್ರಾಂಶವಾದ ಮೂಡಲ್ ಆಗಲಿ, ಪ್ರತಿ ಲಿಪಿಗೂ ತನ್ನದೇ ಸಂಕೇತ ಕೊಡುವ ಯೂನಿಕೋಡನ್ನಷ್ಟೇ ಕನ್ನಡವೆಂದು ಗುರುತಿಸುತ್ತವೆ. ನುಡಿಯೊಂದಿಗೇ ಬರುವ ಪರಿವರ್ತಕದಲ್ಲಿ ಯೂನಿಕೋಡಿಗೆ ಬದಲಿಸಿ, ‘ಅರ್ಥ’, ‘ಖರ್ಚು’ಗಳಂಥ ಅರ್ಕಾವತ್ತಿನ ಪದಗಳನ್ನು ಒಮ್ಮೆ ಕಣ್ಣಾಡಿಸಿ ಸರಿಪಡಿಸಿಕೊಳ್ಳಿ.

ವಾಣಿಜ್ಯ_ಮೇಷ್ಟ್ರು, ಕಲಬುರಗಿ

ಜಾಲ_ಬೀದರ್ ಅವರಿಗೆ ಮತ್ತು ಲಿಪಿ_ಯಾದಗಿರಿ ಅವರಿಗೆ ಅನಂತ ಧನ್ಯವಾದಗಳು. ಮಾಸ್ಕ್, ಲೀಸ್, ಚಾನೆಲ್ ಮೂರನ್ನೂ ಬದಲಿಸಿದ ಮೇಲೆ ಎರಡನೆಯ ತರಗತಿಯ ಕೊನೆಯ ಬೆಂಚಿನವರಿಗೂ ವೈಫೈ ಸಿಗುತ್ತಿದೆ, ಪ್ರಶ್ನೆಗಳೂ ಅಚ್ಚುಕಟ್ಟಾಗಿ ಕಾಣುತ್ತಿವೆ. ಆದರೆ ಎಲ್ಲರ ಉತ್ತರ ಬರತೊಡಗಿದ ಮೇಲೆ ಇನ್ನೊಂದು ಸಂಗತಿ ಎದುರಾಗಿದೆ. ಪರದೆಯ ಮೇಲಿನ ನಕ್ಷೆಯಲ್ಲಿ ಯಾವ ಉತ್ತರ ಮುಂದಿರುತ್ತದೆಯೋ ಉಳಿದವರೆಲ್ಲ ಅದನ್ನೇ ಒತ್ತುತ್ತಿದ್ದಾರೆ.

ಪಾಠಪ್ರವಚನ_ಶಹಾಪುರ

ಸರ್, ಇದು ಜಾಲದ ದೋಷವಲ್ಲವಾದ್ದರಿಂದ ನಾನು ಉತ್ತರಿಸುತ್ತೇನೆ. ಎಲ್ಲರೂ ಉತ್ತರಿಸುವ ತನಕ ನಕ್ಷೆಯನ್ನು ತೋರಿಸಲೇಬೇಡಿ. ಉತ್ತರಗಳ ಪುಟವನ್ನು ನಿಮ್ಮ ಮೊಬೈಲಿನಲ್ಲಿ ನೋಡಿಕೊಂಡು, ಪರದೆಯ ಮೇಲೆ ಪ್ರಶ್ನೆಯನ್ನಷ್ಟೇ ಇಡಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಎರಿಕ್ ಮಜೂರ್ ಅವರು 1991ರಿಂದ ತಮ್ಮ ದೊಡ್ಡ ತರಗತಿಗಳಲ್ಲಿ ರೂಢಿಸಿದ ಕ್ರಮದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲು ತಾನೊಬ್ಬನೇ ಯೋಚಿಸಿ ಉತ್ತರಿಸಬೇಕು. ಸರಿಯುತ್ತರ ಕೊಟ್ಟವರು ಶೇ 30ಕ್ಕಿಂತ ಕಡಿಮೆಯಿದ್ದರೆ ಆ ಭಾಗವನ್ನು ಮತ್ತೆ ಬೋಧಿಸುವುದು, ಶೇ 70 ದಾಟಿದ್ದರೆ ಚುಟುಕಾಗಿ ವಿವರಿಸಿ ಮುಂದೆ ಹೋಗುವುದು, ನಡುವೆ ಇದ್ದರೆ ಪಕ್ಕದವರೊಡನೆ ವಾದಿಸಲು ಎರಡು ಮೂರು ನಿಮಿಷ ಬಿಟ್ಟು ಅದೇ ಪ್ರಶ್ನೆಗೆ ಮರುಮತ ಪಡೆಯುವುದು. ಫಾರ್ಮಿನ ಇನ್ನೊಂದು ನಕಲನ್ನು ಮೊದಲೇ ಮಾಡಿಟ್ಟುಕೊಂಡರೆ ಎರಡನೆಯ ಮತ ಮೊದಲಿನದರೊಂದಿಗೆ ಬೆರೆಯುವುದಿಲ್ಲ.

ಪ್ರಶ್ನೆ ವ್ಯಾಖ್ಯೆ ಕೇಳುವಂಥದ್ದಾದರೆ ಈ ಶ್ರಮವೆಲ್ಲ ವ್ಯರ್ಥ ಎಂಬುದು ನನ್ನ ಖಚಿತ ಅಭಿಪ್ರಾಯ. ‘ಮಳೆ ಕೈಕೊಟ್ಟು ತೊಗರಿಯ ಇಳುವರಿ ಕುಸಿದಿದೆ, ಬೇಳೆಯ ಬೆಲೆ ಏರಿದೆ, ಜನರು ಕಡಿಮೆ ಕೊಳ್ಳುತ್ತಿದ್ದಾರೆ, ಬೇಡಿಕೆ ರೇಖೆ ಏನಾಯಿತು?’ ಎಂದು ಕೇಳಿ ನೋಡಿ. ಯಾವ ಬೆಲೆಗೆ ಜನ ಎಷ್ಟು ಕೊಳ್ಳುತ್ತಾರೆಂದು ತೋರಿಸುವ ಆ ರೇಖೆಯೇ ಎಡಕ್ಕೆ ಸರಿಯಿತು ಎನ್ನುವವರು ಬಹಳ ಮಂದಿ ಇರುತ್ತಾರೆ. ಸರಿದದ್ದು ಪೂರೈಕೆಯ ರೇಖೆ, ಬೇಡಿಕೆಯಲ್ಲಿ ನಡೆದದ್ದು ಅದೇ ರೇಖೆಯ ಮೇಲಿನ ಚಲನೆ ಎಂಬುದನ್ನು ನಾವು ಹೇಳುವುದಕ್ಕಿಂತ ಪಕ್ಕದ ಬೆಂಚಿನವಳು ಅವರ ಮನೆಯ ಸಂತೆಯ ಲೆಕ್ಕ ಹಿಡಿದು ಹೇಳಿದಾಗ ಬೇಗ ನಾಟುತ್ತದೆ.

ಸ್ಮಾರ್ಟ್‌ಫೋನ್ ಇಲ್ಲದವರು ತರಗತಿಯಲ್ಲಿದ್ದರೆ ಪ್ಲಿಕರ್ಸ್ ಕಾರ್ಡುಗಳನ್ನು ಮುದ್ರಿಸಿಕೊಳ್ಳಿ. ಕಾರ್ಡನ್ನು ಯಾವ ಬದಿ ಮೇಲಾಗಿ ಹಿಡಿದಿದ್ದಾರೆ ಎಂಬುದರಿಂದ ಅವರ ಆಯ್ಕೆಯನ್ನು ನಿಮ್ಮೊಬ್ಬರ ಮೊಬೈಲಿನ ಕ್ಯಾಮೆರಾ ಓದಿಕೊಳ್ಳುತ್ತದೆ. ದೊಡ್ಡ ಕಟ್ಟಿನಲ್ಲಿಯೂ ಇರುವುದು 63 ಕಾರ್ಡು ಮಾತ್ರ. 170 ಮಂದಿಯನ್ನು ಮೂವರಂತೆ ಕೂಡಿಸಿದರೆ 57 ಗುಂಪುಗಳಾಗುವುದರಿಂದ ಸಾಕಾಗುತ್ತವೆ. ಹಿಂದಿನ ಸಾಲುಗಳನ್ನು ಓದಲು ಬೆಂಚುಗಳ ನಡುವೆ ಸ್ವಲ್ಪ ನಡೆಯಬೇಕು.

ವಾಣಿಜ್ಯ_ಮೇಷ್ಟ್ರು, ಕಲಬುರಗಿ

ತೊಗರಿಯ ಪ್ರಶ್ನೆಯನ್ನು ಈ ವಾರವೇ ಕೊಡುತ್ತೇನೆ, ಮೇಡಂ. ಕೊನೆಯದಾಗಿ ಒಂದು ಸಂದೇಹ: ಬೇಸಿಗೆಯಲ್ಲಿ ಕರೆಂಟ್ ಹೋದಾಗ ಸಣ್ಣ ಯುಪಿಎಸ್ ಒಂದನ್ನು ರೂಟರಿಗೆ ಹಾಕಿದರೆ ಸಾಕೇ?

ಜಾಲ_ಬೀದರ್

ಸಾಲದು, ಸರ್. ರೂಟರು, ಫೈಬರ್ ಪೆಟ್ಟಿಗೆ, ನೆಟ್‌ವರ್ಕ್ ಕೇಬಲುಗಳನ್ನು ಕೂಡಿಸುವ ಸ್ವಿಚ್, ಮೂರು ಆಕ್ಸೆಸ್ ಪಾಯಿಂಟುಗಳು, ಇವುಗಳಲ್ಲಿ ಯಾವುದು ಆರಿದರೂ ಸಭಾಂಗಣಕ್ಕೆ ಇಂಟರ್ನೆಟ್ ತಲುಪುವುದಿಲ್ಲ. ಆಕ್ಸೆಸ್ ಪಾಯಿಂಟುಗಳು ನೆಟ್‌ವರ್ಕ್ ಕೇಬಲಿನಿಂದಲೇ ವಿದ್ಯುತ್ ಪಡೆಯುವ ಬಗೆಯವಾಗಿದ್ದರೆ ಸ್ವಿಚ್ಚನ್ನು ಯುಪಿಎಸ್‌ಗೆ ಸೇರಿಸಿದಾಗ ಅವೂ ಉಳಿಯುತ್ತವೆ, ಸಭಾಂಗಣದಲ್ಲಿ ಬೇರೆ ಯುಪಿಎಸ್ ಬೇಕಾಗುವುದಿಲ್ಲ. ಪ್ರತ್ಯೇಕ ಅಡಾಪ್ಟರಿನವಾಗಿದ್ದರೆ ಪ್ರತಿಯೊಂದರ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ನೋಡಿಕೊಂಡೇ ಯುಪಿಎಸ್ ಕೊಳ್ಳಿ. 12 ವೋಲ್ಟಿನ ಯುಪಿಎಸ್ ಅನ್ನು 9 ವೋಲ್ಟಿನ ಉಪಕರಣಕ್ಕೆ ಸಿಕ್ಕಿಸಿದರೆ ಅದು ಸುಟ್ಟುಹೋಗಬಹುದು. ಪ್ರೊಜೆಕ್ಟರು ಹೇಗೂ ಆರುವುದರಿಂದ ಕ್ಯೂಆರ್ ಕೋಡಿನ ಮುದ್ರಿತ ಪ್ರತಿಗಳನ್ನು ಬೆಂಚಿಗೊಂದರಂತೆ ಅಂಟಿಸಿಡಿ. ಪ್ರಶ್ನೆ ಬದಲಾದಾಗಲೆಲ್ಲ ಹೊಸ ಫಾರ್ಮ್ ಮಾಡದೆ, ಅದೇ ಫಾರ್ಮಿನಲ್ಲಿ ಹಳೆಯ ಉತ್ತರಗಳನ್ನು ಬೇರೆಡೆ ಉಳಿಸಿಕೊಂಡು ಅಳಿಸಿ, ಪ್ರಶ್ನೆಯನ್ನಷ್ಟೇ ಬದಲಿಸಿದರೆ ಕೊಂಡಿ ಬದಲಾಗುವುದಿಲ್ಲ. ಮರುಮತದ ಫಾರ್ಮಿನ ಕೋಡನ್ನೂ ಅದೇ ಹಾಳೆಯಲ್ಲಿ ಪಕ್ಕಕ್ಕೆ ಮುದ್ರಿಸಿಕೊಳ್ಳಿ.